ಎರಡು ಬ್ಯಾಟರಿಯ ಗುರುನಾಥರು

ಹುಮನಾಬಾದಿನ ಕಿರಾಣಿ ಸಾವಕಾರ ಗುರುನಾಥರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಬಿ.ಪಿ. ಇರಲಿಲ್ಲ. ಇದ್ದದ್ದು ಒಂದೇ ಕಾಯಿಲೆ: ಪಕ್ಕದ ಮನೆಯ ಶಂಕರಲಿಂಗ. ಆತ ಸ್ಕೂಟರ್ ತಂದ ದಿನ ಇವರಿಗೆ ಊಟ ಸೇರಲಿಲ್ಲ. 2003ರ ಬೇಸಿಗೆಯಲ್ಲಿ, ದಿನಾ ಸಂಜೆ ಆರಕ್ಕೆ ಹೋದ ಕರೆಂಟು ಹತ್ತಕ್ಕೆ ಬರುತ್ತಿದ್ದ ಕಾಲದಲ್ಲಿ, ಆತ ಓಣಿಗೇ ಮೊದಲನೆಯ ಇನ್ವರ್ಟರ್ ತಂದುಬಿಟ್ಟ!

ಮೂರನೇ ದಿನಕ್ಕೆ ಗುರುನಾಥರೂ ತಂದರು. ಆತನದು ಒಂದು ಬ್ಯಾಟರಿ, ಇವರದು ಎರಡು. ಎರಡಕ್ಕೂ ಕುಂಕುಮ ಹಚ್ಚಿ, ಕಾಯಿ ಒಡೆದು, ಹೆಂಡತಿ ಮೀರಾಬಾಯಿಗೆ ಅಪ್ಪಣೆ ಕೊಟ್ಟರು: "ಆ ಗಾಳಿ ಹೊಡದು ಹಚ್ಚೋ ಹಳೇ ಗ್ಯಾಸಬತ್ತಿ ಇನ್ನ ನನ್ನ ಕಣ್ಣಿಗೆ ಬೀಳಬಾರದು. ಯಾರಿಗರೆ ಕೊಟ್ಟು ಕಳಸು."

"ರೀ, ಅದು ನಮ್ಮಪ್ಪ ಮದವ್ಯಾಗ ಕೊಟ್ಟಿದ್ದು!"

"ನಿಮ್ಮಪ್ಪ ಕೊಟ್ಟಿದ್ದು ಮನ್ಯಾಗ ಇನ್ನೊಂದು ಅದಲ್ಲ, ಸಾಕು." (ಹೀಗೆನ್ನುವಾಗ ಅವರು ನೋಡಿದ್ದು ಮೀರಾಬಾಯಿಯನ್ನೇ.)

ಮೆಕ್ಯಾನಿಕ್ ಮಕ್ಬೂಲ್ ಇನ್ವರ್ಟರಿನ ಹಿಂದಿನ ಮೂರು ಗುಂಡಿಗಳನ್ನು ಮೇಲಕ್ಕೆತ್ತಿ ಹೇಳಿದ: "ಸಾವಕಾರ್ರ, ಇವನ್ನ ಮುಟ್ಟಬ್ಯಾಡ್ರಿ. ಎರಡು ಬ್ಯಾಟರಿ ತುಂಬಬೇಕಂದ್ರ ಚಾರ್ಜಿಂಗ್ ಜೋರ ಬೇಕು, ಅದಕ್ಕ ಮ್ಯಾಲ ಮಾಡೀನಿ. ಮತ್ತ ಲೋಡ್ ಕಮ್ಮಿ ಹಾಕ್ರಿ."

ಕಮ್ಮಿ ಹಾಕಲು ಎರಡು ಬ್ಯಾಟರಿ ಯಾಕೆ ತರಬೇಕಿತ್ತು? ಗುರುನಾಥರು ಮೂರು ಫ್ಯಾನು, ಒಂದು ಟಿ.ವಿ., ಜೊತೆಗೆ ಶಂಕರಲಿಂಗನ ಮುಖಕ್ಕೇ ಹೊಡೆಯುವಂತೆ ಅಂಗಳದಲ್ಲೊಂದು ಟ್ಯೂಬ್‌ಲೈಟು ಹಾಕಿಸಿದರು. ಎಂಟಕ್ಕೆಲ್ಲ ಎಲ್ಲವೂ ಬಂದ್. ಆದರೆ ಪಕ್ಕದ ಮನೆಯ ಮಬ್ಬು ಗಾಜಿನ ಕಿಟಕಿ ಹತ್ತರವರೆಗೂ ಹಾಲು ಚೆಲ್ಲಿದಂತೆ ಬೆಳಗುತ್ತಿತ್ತು.

"ಒಂದ ಬ್ಯಾಟರಿ ಹ್ಯಾಂಗ ಅಷ್ಟೊತ್ತು ಉರೀತದ?"

"ಆ ದೀಪಕ್ಕಿಂತ ನೀವೇ ಜಾಸ್ತಿ ಉರ್ಯಾಕತ್ತೀರಿ," ಎಂದಳು ಮೀರಾಬಾಯಿ.

ಅಷ್ಟರಲ್ಲಿ, ಮಗಳು ಶೀತಲ್‌ಳನ್ನು ನೋಡಲು ಚಿಟಗುಪ್ಪದ ಬೀಗರು ಭಾನುವಾರ ಸಂಜೆ ಬರುವುದು ಗೊತ್ತಾಯಿತು. ಬೀಗರ ಮುಂದೆ ತಮ್ಮ ಮನೆ ಕತ್ತಲಾಗಿ ಶಂಕರಲಿಂಗನ ಮನೆ ಬೆಳಗಿದರೆ? ಗುರುನಾಥರಿಗೆ ಜೀವವೇ ಬೇಡವೆನಿಸಿತು.

ಶುಕ್ರವಾರ ಪೇಪರ್ ಕೇಳುವ ನೆಪದಲ್ಲಿ ಪಕ್ಕದ ಮನೆಗೆ ಹೋದರು. ಶಂಕರಲಿಂಗ ಅಂಗಡಿಗೆ ಹೋಗಿದ್ದ. ಅವನ ಹೆಂಡತಿ ಶಕುಂತಲಾಬಾಯಿ ಚಹಾ ಮಾಡಲು ಒಳಗೆ ಹೋದದ್ದೇ ತಡ, ಇನ್ವರ್ಟರಿಗೆ ಹೊದಿಸಿದ್ದ ಕಸೂತಿ ಬಟ್ಟೆ ಎತ್ತಿ ಹಿಂದೆ ಇಣುಕಿದರು. ಮೂರೂ ಗುಂಡಿ ಕೆಳಗೆ! ಸಿಕ್ಕಿತು ಗುಟ್ಟು. ಚಹಾ ಕುಡಿಯದೆ ಮನೆಗೆ ಓಡಿ ತಮ್ಮ ಮೂರನ್ನೂ ಕೆಳಗೊತ್ತಿದರು.

ಭಾನುವಾರ ಆರಕ್ಕೆ ಕರೆಂಟು ಹೋಯಿತು. ಬೀಗರು ಅವಲಕ್ಕಿ ಮುಗಿಸಿದರು, ಶೀತಲ್ ಚಹಾದ ತಟ್ಟೆ ಹಿಡಿದು ಬಂದಳು, ಇನ್ವರ್ಟರ್ ಒಮ್ಮೆ ಕುಂಯ್ ಅಂದಿತು. ಕಗ್ಗತ್ತಲೆ. ಹಿರಿಯ ಬೀಗರ ಚಹಾ ಬಾಯಿ ತಪ್ಪಿ ಧೋತರಕ್ಕೆ ಹೋಯಿತು.

"ನಿಮ್ಮ ಬಾಜೂದವ್ರದು ಚಲೋ ಇನ್ವರ್ಟರ್ ಕಾಣತದ," ಎಂದರು ಅವರು, ಬೆಳಗುವ ಕಿಟಕಿ ನೋಡುತ್ತ. ಗುರುನಾಥರಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಮೀರಾಬಾಯಿ ಅಂಗಳದ ಗೋಡೆಯ ಮೇಲಿಂದ ಕೂಗಿದಳು: "ಶಕುಂತಲಾಬಾಯೀ, ಅದನ್ನ ಒಂಚೂರು ಕಳಸ್ರೀ!"

ಪಕ್ಕದ ಕಿಟಕಿ ಕತ್ತಲಾಯಿತು. ಶಂಕರಲಿಂಗ ಭುಸುಗುಟ್ಟುವ ಗ್ಯಾಸಬತ್ತಿ ಹಿಡಿದು, ತಲೆ ತಗ್ಗಿಸಿ ಒಳಗೆ ಬಂದ.

"ಏನ ಹೇಳಲಿ ಅಣ್ಣಾ, ನಮ್ಮ ಇನ್ವರ್ಟರ್ ಎಂಟ ದಿನದಾಗ ಸತ್ತದ. ನೀವು ನಗತೀರಂತ ಎಲ್ಲಾ ಗುಂಡಿ ಕೆಳಗ ಮಾಡಿ, ಬಟ್ಟಿ ಹೊಚ್ಚಿ ಇಟ್ಟೀನಿ. ಇಷ್ಟ ದಿನ ಇದ ನಮ್ಮ ಮಾನ ಉಳಸ್ಯದ."

ಹಿರಿಯ ಬೀಗರು ಮೂಗಿಗೆ ಚಾಳೀಸು ಏರಿಸಿ, ಗ್ಯಾಸಬತ್ತಿಯ ಹಿತ್ತಾಳೆಯ ಮೇಲೆ ಕೊರೆಸಿದ್ದ ಅಕ್ಷರ ಓದಿದರು: "'ಅಳಿಯ ಗುರುನಾಥಗೆ, ಮದುವೆಯ ಆಯೇರಿ.' ಅರೆ! ಇದು ನಿಮ್ದೇ ಏನ್ರಿ?"

"ಹೌದ್ರಿ," ಎಂದಳು ಮೀರಾಬಾಯಿ. "ಯಾರಿಗರೆ ಕೊಡು ಅಂದ್ರು. ಕೊಟ್ಟೆ."

ಒಂದು ತಿಂಗಳಿನಿಂದ ತಮ್ಮ ಹೊಟ್ಟೆ ಉರಿಸಿದ ಬೆಳಕನ್ನು ಗುರುನಾಥರು ಮಿಕಿಮಿಕಿ ನೋಡಿದರು. ಬೀಗರು ಮಾತ್ರ ಖುಷಿಯಾಗಿದ್ದರು: "ಹುಡುಗಿ ಪಸಂದ್ರಿ. ನಮ್ಮ ಹುಡುಗಗ ಇನ್ವರ್ಟರ್ ಗಿನ್ವರ್ಟರ್ ಬ್ಯಾಡ, ಹಿಂಥಾದೊಂದು ಕೊಡ್ರಿ. ಹೆಸರು ಕೊರಸ್ರಿ ಮತ್ತ!"

ಅಷ್ಟರಲ್ಲಿ ಬೆಳಕು ಇಳಿಯತೊಡಗಿತು.

"ಅಣ್ಣಾ, ಒಂಚೂರು ಗಾಳಿ ಹೊಡೀರಿ," ಎಂದ ಶಂಕರಲಿಂಗ ಗಾದಿಗೆ ಒರಗಿ ಕೂಡುತ್ತ. "ಮತ್ತ ಲಗೂ ಮುಗಸ್ರಿ, ನಮ್ಮ ಮನ್ಯಾಗ ಕತ್ತಲಾಗ್ಯದ. ಹೋಗುವಾಗ ಒಯ್ಯಬೇಕು."

ಎರಡು ಬ್ಯಾಟರಿಯ ಗುರುನಾಥರು ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ಗಾಳಿ ಹೊಡೆದರು.