ಕೊಸರಿನ ಲೆಕ್ಕ

ಚಲುವರಾಜು ಮೇಷ್ಟರು ನಿದ್ದೆ ತಡೆಯಲೆಂದು ಕೇಳಿದ ಒಂದೇ ಒಂದು ಪ್ರಶ್ನೆ ಇಷ್ಟು ಅವಾಂತರಕ್ಕೆಲ್ಲ ಮೂಲ.

ನಾಗಮಂಗಲದಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರುಗಳಿಗೆ ತರಬೇತಿ ಶಿಬಿರ ನಡೆದಿತ್ತು. ಮುದ್ದೆ, ಹುರುಳಿಕಾಳು ಸಾರು ಉಂಡ ಮೇಲೆ ಭಾಷಣ. ಮೈಸೂರಿನಿಂದ ಬಂದಿದ್ದ ಸಂಶೋಧಕರೊಬ್ಬರು ‘ಕಲಿಕೆಯಲ್ಲಿ ಮಕ್ಕಳ ಆಸಕ್ತಿ’ ಎಂಬ ವಿಷಯ ಎತ್ತಿಕೊಂಡರು. ಬೆತ್ತ ಕಲಿಸುವುದು ಭಯವನ್ನು ಮಾತ್ರ, ಮಕ್ಕಳು ಆಡುತ್ತ ಮಾಡುತ್ತ ಕಲಿಯಬೇಕು ಎಂದು ಅವರು ಹೇಳುತ್ತಿದ್ದಾಗ ಹಿಂದಿನ ಸಾಲುಗಳಲ್ಲಿ ಗೊರಕೆ ಶುರುವಾಗಿತ್ತು. ತಡವಾಗಿ ಬಂದ ತಪ್ಪಿಗೆ ಮುಂದಿನ ಸಾಲಿನಲ್ಲಿ ಸಿಕ್ಕಿಕೊಂಡಿದ್ದ ಚಲುವರಾಜು ತೂಕಡಿಸುವಂತಿರಲಿಲ್ಲ. ಎದ್ದು ನಿಂತು, "ಸಾರ್, ಲೆಕ್ಕಾನೂ ಹಾಗೇ ಕಲಿಸಬಹುದಾ?" ಎಂದುಬಿಟ್ಟರು. ಸಂಶೋಧಕರಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ತಾಲ್ಲೂಕಿಗೆ ಹೊಸದಾಗಿ ಬಂದಿದ್ದ ಶಾಲಾ ಇನ್‌ಸ್ಪೆಕ್ಟರ್ ರಂಗಸ್ವಾಮಿ ಅಲ್ಲೇ ಎಲ್ಲವನ್ನೂ ಗೊತ್ತುಮಾಡಿದರು. "ಗುರುವಾರ ಸಾಹೇಬರನ್ನ ನಿಮ್ಮ ತಾಳೆಕೊಪ್ಪಲಿಗೇ ಕರ್ಕೊಂಡು ಬರ್ತೀನಿ. ಹೊಸ ಪದ್ಧತೀಲಿ ಒಂದು ಪಾಠ ಮಾಡಿ ತೋರಿಸಿ. ನಾಗಮಂಗಲದ ಸ್ಕೂಲಲ್ಲಿ ಒಂದು ಜಾಗ ಖಾಲಿ ಆಗ್ತಾ ಇದೆ. ಸಾಹೇಬರು ಮೆಚ್ಚಿದ್ರೆ ಅದು ನಿಮ್ಮದು."

ಮೇಷ್ಟರ ನಿದ್ದೆ ಹಾರಿಹೋಯಿತು. ಅವರ ಹೆಂಡತಿ ಜಯಲಕ್ಷ್ಮಮ್ಮ ಅದೇ ಸ್ಕೂಲಿನಲ್ಲಿ ಉಪಾಧ್ಯಾಯಿನಿ. ಮದುವೆಯಾಗಿ ಎರಡು ವರ್ಷವಾಗಿದ್ದರೂ ಆಕೆ ಅಲ್ಲಿ ತವರುಮನೆಯಲ್ಲಿ, ಇವರು ಹೊಣಕೆರೆ ಕಡೆಯ ತಾಳೆಕೊಪ್ಪಲಿನಲ್ಲಿ ಶಾಲೆಯ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು. ಶನಿವಾರ ಬಸ್ಸು ಹತ್ತಿ ಹೋಗಿ ಹೆಂಡತಿಯ ಮುಖ ನೋಡಿ ಬರುವುದನ್ನು ಸಂಸಾರ ಎನ್ನಬೇಕಾದರೆ ಬಹಳ ಧೈರ್ಯ ಬೇಕು. ಹೋದ ವಾರವಂತೂ ಆಕೆ, "ನೀವು ವರ್ಗಕ್ಕೆ ಏನೂ ಮಾಡೋ ಹಾಗೆ ಕಾಣೋದಿಲ್ಲ" ಎಂದು ಮುಖ ತಿರುಗಿಸಿದ್ದಳು. ಆ ಸ್ಕೂಲಿನಲ್ಲಿ ವಯಸ್ಸಾದ ಮೇಷ್ಟರೊಬ್ಬರಿದ್ದರು. ಖಾಲಿಯಾಗುವುದು ಅವರ ಜಾಗವೇ ಇರಬೇಕು ಎಂದುಕೊಂಡರು ಚಲುವರಾಜು. ಆರ್ಡರು ಕೈಗೆ ಬರುವ ತನಕ ಹೆಂಡತಿಗೆ ಸುಳಿವು ಕೊಡಬಾರದು, ಒಮ್ಮೆಗೇ ಎದುರು ಹೋಗಿ ನಿಲ್ಲಬೇಕು ಎಂದೂ ತೀರ್ಮಾನಿಸಿದರು.

ಪಾಠದ ಯೋಜನೆ ಚೆನ್ನಾಗಿಯೇ ಇತ್ತು. ತರಗತಿಯಲ್ಲೇ ಅಂಗಡಿ. ಮಕ್ಕಳು ಮನೆಯಿಂದ ಒಂದೊಂದು ಪದಾರ್ಥ ತರುವುದು, ಕೊಟ್ಟು ಕೊಂಡು ಕೂಡುವ ಕಳೆಯುವ ಲೆಕ್ಕ ಕಲಿಯುವುದು. ಬುಧವಾರ ಕಲ್ಲುಹರಳಿಟ್ಟುಕೊಂಡು ಒಂದು ಸಲ ಮಾಡಿ ನೋಡಿದಾಗ ಒಬ್ಬ ಹುಡುಗನೂ ತಪ್ಪಲಿಲ್ಲ.

ಗುರುವಾರ ಬೆಳಗ್ಗೆ ಪದಾರ್ಥಗಳು ಬಂದವು. ಪದಾರ್ಥಗಳ ಹಿಂದೆ ಅವುಗಳ ಯಜಮಾನರೂ ಬಂದರು.

ಮೊದಲು ಬಂದವರು ಪಂಚಾಯ್ತಿ ಚೇರ್ಮನ್ನರು ಶಿವಲಿಂಗಯ್ಯ. ಕೈಯಲ್ಲಿ ಆಗಷ್ಟೇ ಮರದಿಂದ ಮುರಿದ ಹುಣಸೆ ಬರಲು, ಬೆತ್ತದಷ್ಟೇ ಉದ್ದ.

"ಮೇಷ್ಟ್ರೇ, ಇಡ್ಕಳಿ ಇದ. ದೊಡ್ಡೋರು ಬಂದಾಗ ಬರೀ ಕೈಲಿ ನಿಂತ್ಕಂಡ್ರೆ ಊರ ಮರ್ವಾದೆ ಏನಾದದು?"

"ಚೇರ್ಮನ್ರೆ, ಹೊಸ ಪದ್ಧತೀಲಿ ಹೊಡೆಯೋ ಹಾಗಿಲ್ಲ."

"ವಡೀಬ್ಯಾಡಿ, ಯಾರು ವಡೀರಿ ಅಂದ್ರು? ಸುಮ್ನೆ ಇಡ್ಕಳಿ. ನೋಡುದ್ರೇ ಸಾಕು, ಐಕ್ಳಿಗೆ ಲೆಕ್ಕ ತಾನೇ ಬತ್ತದೆ."

ಮೇಷ್ಟರು ಕೈ ಮುಗಿದರು. ಶಿವಲಿಂಗಯ್ಯ ಬರಲನ್ನು ತಾವೇ ಹಿಡಿದುಕೊಂಡು ಬಾಗಿಲಲ್ಲಿ ಕೂತರು. ಅವರ ಬೆನ್ನಿಗೇ ಬೆಟ್ಟಮ್ಮಜ್ಜಿ ತನ್ನ ಮೊಮ್ಮಗ ಮಾಯಣ್ಣನ ತೆಂಗಿನಕಾಯಿ ಮಂಕರಿಯ ಹಿಂದೆ ಬಂದು ಮುಂದಿನ ಸಾಲಿನಲ್ಲೇ ಕಾಲು ನೀಡಿದಳು.

"ಅಜ್ಜಿ, ಇದು ಮಕ್ಕಳ ಪಾಠ. ನೀವು ಮನೆಗೆ ಹೋಗಿ."

"ಓಯ್ತೀನಿ ಕಣಪ್ಪ. ಕಾಯಿ ವಾಪಸ್ ಎಣಿಸ್ಕಂಡು ಓಯ್ತೀನಿ."

ಮಂಗಳಮ್ಮ ತನ್ನ ಮಗಳು ಪುಟ್ಟಗೌರಮ್ಮನ ರಾಗಿ ಮೂಟೆಯ ಜೊತೆಗೆ ಬಂದಳು. ಬೆಲ್ಲದಚ್ಚಿನ ಹಿಂದೆ ಇಬ್ಬರು, ಒಂದು ಕೋಳಿಯ ಹಿಂದೆ ನಾಲ್ವರು. ಸಾಹೇಬರ ಜೀಪು ಬರುವ ಹೊತ್ತಿಗೆ ಮಕ್ಕಳು ಗೋಡೆಗೆ ಅಂಟಿಕೊಂಡು ನಿಂತಿದ್ದರು, ಕೂತವರೆಲ್ಲ ದೊಡ್ಡವರೇ. ಮೇಷ್ಟರಿಗೆ ಅಳುವುದೋ ಬೈಯುವುದೋ ತಿಳಿಯಲಿಲ್ಲ.

"ಇದೇನ್ರೀ, ಊರಿಗೆ ಊರೇ ಇದೆ?" ಎಂದು ಇನ್‌ಸ್ಪೆಕ್ಟರು ಹಲ್ಲು ಕಚ್ಚಿದರು.

"ಸಮುದಾಯದ ಸಹಕಾರ ಸಾರ್," ಎಂದರು ಚಲುವರಾಜು. ಆ ಮಾತು ಎಲ್ಲಿಂದ ಬಂತೋ ಅವರಿಗೇ ಗೊತ್ತಿಲ್ಲ.

ಸಂಶೋಧಕರು ರಟ್ಟಿಗೆ ಒಂದು ಹಾಳೆ ಸಿಕ್ಕಿಸಿಕೊಂಡು ಕುರ್ಚಿಯಲ್ಲಿ ಕೂತರು. ಯಾವ ಮಗು ಆಕಳಿಸಿದರೂ, ಕಿಟಕಿಯಾಚೆ ನೋಡಿದರೂ ಒಂದೊಂದು ಗೀಟು ಹಾಕುವುದು ಅವರ ಕ್ರಮ. ಗೀಟು ಕಡಿಮೆಯಾದಷ್ಟೂ ಪಾಠದಲ್ಲಿ ಆಸಕ್ತಿ ಹೆಚ್ಚು.

ಪಾಠ ಶುರುವಾಯಿತು. "ಮಾಯಣ್ಣ, ನಿನ್ನ ಅಂಗಡೀಲಿ ಒಬ್ಬರು ಆರು ಕಾಯಿ ಕೊಂಡರು. ಆಮೇಲೆ ಇನ್ನೂ ನಾಲ್ಕು ಕೊಂಡರು. ಒಟ್ಟು ಎಷ್ಟು ಕಾಯಿ ಕೊಟ್ಟೆ?"

"ಅನ್ನೊಂದು ಸಾ."

"ಸರಿಯಾಗಿ ನೋಡೋ. ಆರು, ನಾಲ್ಕು..."

"ಅತ್ತು ಸಾ. ಕೊಸ್ರು ಒಂದು."

ಆ ಸೀಮೆಯಲ್ಲಿ ಏನೇ ಕೊಂಡರೂ ಎಣಿಕೆಯ ಮೇಲೆ, ಅಳತೆಯ ಮೇಲೆ ಒಂದಿಷ್ಟು ಕೊಸರು ಕೇಳುವುದು ಕೊಳ್ಳುವವನ ಹಕ್ಕು, ಗೊಣಗುತ್ತ ಹಾಕುವುದು ಮಾರುವವನ ಧರ್ಮ. ಕಿಲೋ ಬಂದಿದೆ, ಸೇರು ಹೋಗಿದೆ ಎಂದು ಸರ್ಕಾರ ಸಾರುತ್ತಿದ್ದ ಕಾಲ ಅದು. ಕೊಸರಿನ ಬಗ್ಗೆ ಸರ್ಕಾರವೂ ಬಾಯಿ ಬಿಟ್ಟಿರಲಿಲ್ಲ. ನಿನ್ನೆ ಕಲ್ಲುಹರಳಿಗೆ ಯಾರೂ ಕೊಸರು ಕೇಳಲಿಲ್ಲ. ಇವತ್ತಿನವು ನಿಜವಾದ ಕಾಯಿ.

"ಲೆಕ್ಕದಲ್ಲಿ ಕೊಸರು ಬರೋದಿಲ್ಲ ಮಗು," ಎಂದರು ಮೇಷ್ಟರು.

"ಅದೆಂಗಪ್ಪಾ ಬರಾಕಿಲ್ಲ?" ಎಂದು ಬೆಟ್ಟಮ್ಮ ನೀಡಿದ ಕಾಲು ಮಡಿಸಿದಳು. "ಕೊಸ್ರು ಕೊಡ್ದೋನ ತಾವ ನಾಳೀಕೆ ಯಾವನ್ ಬಂದಾನು? ಚಿಕ್ಕ ಮೊಗೀಗೆ ಮೋಸ ಕಲಿಸ್ತೀಯಲ್ಲ ಮೇಷ್ಟ್ರೇ!"

ಊರಿನವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಸಂಶೋಧಕರು ತಾವೇ ಒಂದು ಕೈ ನೋಡೋಣವೆಂದು ಮುಂದೆ ಬಾಗಿದರು. "ಮಕ್ಕಳೇ, ಕಳೆಯುವ ಲೆಕ್ಕ. ಹತ್ತು ಸೇರು ರಾಗಿ ಇದೆ. ನಾಲ್ಕು ಸೇರು ಮಾರಿದಿರಿ. ಉಳಿದದ್ದೆಷ್ಟು?"

"ಆರು ಸೇರಿಗೆ ಒಂದು ಬೊಗ್ಸೆ ಕಮ್ಮಿ ಸಾ!" ಎಂದಿತು ಇಡೀ ತರಗತಿ.

ಮೇಷ್ಟರು ಕಣ್ಣು ಮುಚ್ಚಿಕೊಂಡರು. ಆಗ ಮೂಲೆಯಿಂದ ಪುಟ್ಟಗೌರಮ್ಮನ ಸಣ್ಣ ದನಿ ಕೇಳಿಸಿತು. "ಆರು ಸಾ. ಪೂರ್ತಿ ಆರು."

"ಶಭಾಷ್!" ಮೇಷ್ಟರು ಹೆಚ್ಚು ಕಡಿಮೆ ಕುಣಿದೇಬಿಟ್ಟರು. "ಹೇಗೆ ಅಂತ ಎಲ್ಲರಿಗೂ ಹೇಳಮ್ಮ!"

"ನಮ್ಮವ್ವ ಕೊಸ್ರು ಆಕಾಕಿಲ್ಲ ಸಾ."

ಕೋಳಿಯೊಂದನ್ನು ಬಿಟ್ಟು ಎಲ್ಲರೂ ಮಂಗಳಮ್ಮನ ಕಡೆ ತಿರುಗಿದರು. ಆಮೇಲೆ ಬೆಟ್ಟಮ್ಮ ಎದ್ದಳು.

"ಕೇಳುದ್ರಾ ಎಲ್ರೂವೆ! ಎತ್ತ ಮಗಳ ಬಾಯಲ್ಲೇ ಬಂತು! ಸುಗ್ಗಿಯಿಂದ ಇವಳ ತಾವ ರಾಗಿ ತಕ್ಕತಾ ಇವ್ನಿ, ಬೊಗ್ಸೆ ತುಂಬ ಆಕ್ತೀನಿ ಅಂತ ಬೆರಳ ಸಂದೀಲಿ ಸೋರಿಸ್ಕತಾಳೆ!"

ಮಂಗಳಮ್ಮನ ಮುಖ ಕೆಂಪೇರಿತು. "ಲೇ ಪುಟ್ಟಗೌರಿ, ನೆಟ್ಟಗೆ ಯೋಳೇ! ಒಂದು ಬೊಗ್ಸೆ ಕಮ್ಮಿ ಅಂತ ಯೋಳು! ಮನೇಗ್ ಬಾ, ನಿನ್ನ ನಾಲ್ಗೇಗೆ ಬರೆ ಆಕ್ತೀನಿ!"

"ಬೇಡಮ್ಮ, ಆರೇ ಸರಿ!" ಎಂದು ಮೇಷ್ಟರು ಅಡ್ಡ ಬಂದರು.

"ನೀವು ಸುಮ್ಕಿರಿ ಮೇಷ್ಟ್ರೇ! ಇದು ಮಾನದ ಪ್ರಶ್ನೆ."

ಹುಡುಗಿ ಅಳುತ್ತ, "ಒಂದು ಬೊಗ್ಸೆ ಕಮ್ಮಿ ಸಾ," ಎಂದಳು. ಹೀಗೆ ಇಡೀ ಶಾಲೆಯಲ್ಲಿದ್ದ ಒಂದೇ ಒಂದು ಸರಿಯುತ್ತರವೂ ಕಣ್ಣೆದುರೇ ಹಾಳಾಯಿತು.

ಮುಂದೆ ನಡೆದದ್ದಕ್ಕೆ ಪಾಠ ಎಂದು ಹೆಸರಿಡುವುದು ಕಷ್ಟ. ಸುಗ್ಗಿಯಿಂದ ಈಚೆಗೆ ಬರಬೇಕಾದ ಕೊಸರನ್ನೆಲ್ಲ ಈಗಲೇ ಅಳೆದು ಕೊಡು ಎಂದು ಬೆಟ್ಟಮ್ಮ ಮಡಿಲೊಡ್ಡಿದಳು. ಮಕ್ಕಳು ಎರಡು ಪಂಗಡವಾಗಿ ವಾರಕ್ಕೆಷ್ಟು ಬೊಗಸೆ, ಸೇರಿಗೆಷ್ಟು ಬೊಗಸೆ ಎಂದು ಕಿರುಚುತ್ತ ಲೆಕ್ಕ ಹಾಕತೊಡಗಿದರು. ಶಿವಲಿಂಗಯ್ಯ ಹುಣಸೆ ಬರಲಿನಿಂದ ನೆಲ ಬಡಿದು ನ್ಯಾಯ ಹೇಳಿದರು. ಚಲುವರಾಜು ಸ್ಟೂಲಿನ ಮೇಲೆ ಕುಸಿದು ಕೂತು ತಲೆ ಹಿಡಿದುಕೊಂಡರು. ಈ ಊರಿನ ಮೇಲೆ, ಕೊಸರಿನ ಮೇಲೆ, ಆ ಹಾಳು ಪ್ರಶ್ನೆ ಕೇಳಿದ ತಮ್ಮ ಬಾಯಿಯ ಮೇಲೆ ಅವರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಇನ್ನು ಈ ಜನ್ಮದಲ್ಲಿ ಹೆಂಡತಿಯ ಜೊತೆ ಒಂದು ಸೂರಿನಡಿ ಇರುವ ಯೋಗವಿಲ್ಲ ಎಂದುಕೊಂಡರು.

ಸಂಶೋಧಕರು ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡರು.

"ಅದ್ಭುತ! ನೋಡಿ, ಹಾಳೆ ಖಾಲಿ. ಒಂದು ಮಗುವೂ ಆಕಳಿಸಲಿಲ್ಲ, ಒಂದು ಮಗುವೂ ಆಚೆ ನೋಡಲಿಲ್ಲ. ಎಷ್ಟೋ ಶಾಲೆ ಸುತ್ತಿದ್ದೀನಿ, ಇಂಥ ಆಸಕ್ತಿ ಎಲ್ಲೂ ಕಂಡಿಲ್ಲ!"

"ಆದರೆ ಸಾರ್, ಉತ್ತರ ಎಲ್ಲ ತಪ್ಪು..."

ಇನ್‌ಸ್ಪೆಕ್ಟರು ಮೇಷ್ಟರ ಕಾಲು ತುಳಿದರು.

"ನನ್ನ ಸಂಶೋಧನೆ ಆಸಕ್ತಿಯ ಮೇಲೆ," ಎಂದರು ಸಾಹೇಬರು ಗಂಭೀರವಾಗಿ. "ಉತ್ತರದ ಮೇಲೆ ಬೇರೆಯವರು ಮಾಡ್ತಿದ್ದಾರೆ."

ಆರ್ಡರಿಗೆ ಜೀಪಿನ ಬಾನೆಟ್ಟಿನ ಮೇಲೆಯೇ ರುಜು ಬಿತ್ತು. "ನಾಳೇನೇ ಹೋಗಿ ಸೇರಿಕೊಳ್ಳಿ," ಎಂದರು ರಂಗಸ್ವಾಮಿ. "ಸಾಯಂಕಾಲದ ಬಸ್ಸಿಗೂ ಹೇಳಿರ್ತೀನಿ. ಈ ಊರಿನ ಯೋಚನೆ ಬೇಡ, ಇಲ್ಲಿಗೂ ಜನ ಗೊತ್ತಾಗಿದೆ."

ಚಲುವರಾಜು ಚಾಪೆ ಸುತ್ತಿ, ಬಟ್ಟೆ ಗಂಟು ಕಟ್ಟಿ, ಬಸ್ಸು ನಿಲ್ಲುವ ಕಡೆಗೆ ಓಡಿದರೆಂದರೂ ತಪ್ಪಿಲ್ಲ. ನಾಗಮಂಗಲದಿಂದ ಬಂದು ಅಲ್ಲೇ ತಿರುಗಿಸಿಕೊಂಡು ಹೋಗುವ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಅದರ ಮೇಲಿನಿಂದ ಒಂದು ಟ್ರಂಕು ಇಳಿಯಿತು, ಒಂದು ಹಾಸಿಗೆ ಸುರುಳಿ ಇಳಿಯಿತು. ಆಮೇಲೆ ಕೈಯಲ್ಲಿ ಸೀಮೆಎಣ್ಣೆ ಸ್ಟೌ ಹಿಡಿದು ಮುಖವರಳಿಸಿಕೊಂಡು ಜಯಲಕ್ಷ್ಮಮ್ಮ ಇಳಿದಳು.

"ಅಯ್ಯೋ, ಕರ್ಕೊಂಡು ಹೋಗೋಕೇ ಬಂದುಬಿಟ್ರಾ? ಯಾರು ಹೇಳಿದ್ರು ನಿಮಗೆ?"

"ಏನು ಹೇಳೋದು?"

"ನನಗೆ ನಿಮ್ಮೂರಿಗೇ, ನಿಮ್ಮ ಸ್ಕೂಲಿನ ಎರಡನೇ ಜಾಗಕ್ಕೇ ವರ್ಗ ಆಗಿರೋದು! ನೀವು ಏನೂ ಮಾಡಲ್ಲ ಅಂತ ನಾನೇ ಚಪ್ಪಲಿ ಸವೆಯೋ ಹಾಗೆ ಮಂಡ್ಯದ ಆಫೀಸಿಗೆ ಅಲೆದೆ. ಆರ್ಡರ್ ಕೈಗೆ ಬರೋ ತನಕ ಬಾಯಿ ಬಿಡಬಾರದು ಅಂತಿದ್ದೆ."

ಮೇಷ್ಟರ ಕಂಕುಳಿನಿಂದ ಚಾಪೆ ಜಾರಿತು. "ಹಾಗಾದರೆ ನಾಗಮಂಗಲದಲ್ಲಿ ಖಾಲಿಯಾದ ಜಾಗ..."

"ನಂದೇ. ಅಲ್ಲಿಗೆ ಜನ ಸಿಗೋ ತನಕ ಬಿಡಲ್ಲ ಅಂತ ಹಟ ಹಿಡಿದಿದ್ರು. ಯಾರೋ ಪುಣ್ಯಾತ್ಮ ಇವತ್ತು ಒಪ್ಪಿಕೊಂಡನಂತೆ. ಅವನ ಹೊಟ್ಟೆ ತಣ್ಣಗಿರಲಿ, ಮಧ್ಯಾಹ್ನವೇ ನನ್ನ ಬಿಟ್ಟುಬಿಟ್ರು."

ಮೇಷ್ಟರು ಜೇಬಿನಿಂದ ಆರ್ಡರು ತೆಗೆದು ಮುಂದೆ ಹಿಡಿದರು. ಜಯಲಕ್ಷ್ಮಮ್ಮ ಓದಿದಳು, ಇನ್ನೊಮ್ಮೆ ಓದಿದಳು, ಸ್ಟೌ ಕೆಳಗಿಟ್ಟು ಟ್ರಂಕಿನ ಮೇಲೆ ಕೂತುಬಿಟ್ಟಳು.

ಅಷ್ಟರಲ್ಲಿ ಕಂಡಕ್ಟರ್ ಹುಚ್ಚಣ್ಣ ನೆಲದ ಮೇಲಿದ್ದ ಚಾಪೆಯನ್ನು ಎತ್ತಿ ಬಸ್ಸಿನೊಳಕ್ಕೆ ಎಸೆದು ಸೀಟಿ ಊದಿದ.

"ಅತ್ತಿ ಮೇಷ್ಟ್ರೇ! ಟೀಚರಮ್ಮನ್ನ ಇಳಿಸು, ಮೇಷ್ಟ್ರನ್ನ ಅತ್ತಿಸ್ಕ ಅಂತ ಇನ್‌ಸ್ಪೆಕ್ಟ್ರು ಒತ್ತಿ ಒತ್ತಿ ಯೋಳವ್ರೆ. ಗಂಡ ಎಂಡ್ತಿ ಮಾತೆಲ್ಲ ಶನಿವಾರ ಆಡ್ಕಳೀರಂತೆ ಬನ್ನಿ."