ಎಲ್ಲರನ್ನೂ ಬಾಗಿಲಲ್ಲಿ ನಿಲ್ಲಿಸುವ ಅಕ್ಕ

ನಮ್ಮ ಅಕ್ಕನ ಜೊತೆ ಹೊರಟವರು ಯಾರಾದರೂ ಹತ್ತಬೇಕಾದ ಬಸ್ಸನ್ನೇ ಹತ್ತಿದ್ದುಂಟೇ? ತಪ್ಪಿದ ಬಸ್ಸಿಗೆಲ್ಲ ನಾನು ಡೈರಿಯಲ್ಲಿ ಗೀಟು ಹಾಕಿದ್ದೇನೆ. ಹತ್ತಿದ್ದಕ್ಕೆ ಬೇರೆ ಪುಟ ಬೇಕಾಗಲಿಲ್ಲ.

ಸ್ವಂತ ಅಕ್ಕ ಅಲ್ಲ. ಇಲ್ಲಿ ದೊಡ್ಡ ಭೂಕಂಪವಾದ ಮಾರನೆಯ ವರ್ಷ ನಾನು ಓದಲು ಜಪಾನಿನ ನೋಮಿಗೆ ಬಂದಾಗ ಎದುರು ಮನೆಯಲ್ಲಿದ್ದ ಮೈಸೂರಿನವರು. ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಜೀವಕೋಶಗಳನ್ನು ಸಾಕುವುದು ಅವರ ಕೆಲಸ. ಭಾವ ಯೋಕೋಹಾಮಾದಲ್ಲಿ, ಆಗ ನಾಲ್ಕು ವರ್ಷದ ಮಗಳು ಇವರ ಜೊತೆ.

ಹೊಸ್ತಿಲು ದಾಟುವ ಮುಂಚೆ ಅಕ್ಕ ಎಲ್ಲರನ್ನೂ ತಡೆದು, ಇಲ್ಲಿನ ರೈಲು ಚಾಲಕರ ಹಾಗೆ ಒಂದೊಂದಕ್ಕೂ ಬೆರಳು ತೋರಿಸಿ ಕೂಗುತ್ತಿದ್ದರು: "ಗ್ಯಾಸ್, ಯೋಶಿ. ನಲ್ಲಿ, ಯೋಶಿ. ಕೀ, ಯೋಶಿ." ಯೋಶಿ ಎಂದರೆ ಸರಿಯಾಗಿದೆ ಎಂದು. ಭೂಕಂಪದ ಭಯವಿರಬೇಕು ಎಂದುಕೊಂಡೆ. ಅಲ್ಲ, ವಿಜ್ಞಾನ!

"ಅಕ್ಕಾ, ಬಸ್ ಹೋಯ್ತು."

"ಹೋಗ್ಲಿ ಬಿಡೋ. ಒಂದು ಜೀವಕೋಶ ಎರಡಾಗೋ ಮುಂಚೆ ನಿಂತು ನಿಂತು ನೋಡ್ಕೊಳ್ಳತ್ತೆ. ಸಾಕಷ್ಟು ಬೆಳೆದಿದೀನಾ, ನಕಲು ತಪ್ಪಿಲ್ದೆ ಆಯ್ತಾ, ಎರಡು ಪಾಲೂ ಸಮ ಇದ್ಯಾ ಅಂತ. ತಪ್ಪಿದ್ರೆ ರಿಪೇರಿ, ಆಗ್ದಿದ್ರೆ ಸಾವು. ನಿಲ್ಲೋದು ಮರೆತ್ರೆ ಅದೇ ಕ್ಯಾನ್ಸರ್. ನೀನೇನು ಅದಕ್ಕಿಂತ ದೊಡ್ಡವನಾ?"

"ಅದಕ್ಕೆ ಇನ್ನೊಂದು ಗಂಟೆ ಬಸ್ ಕಾಯೋ ಕರ್ಮ ಇಲ್ವಲ್ಲಕ್ಕ."

ಯುಗಾದಿಯ ದಿನ ಎಲೆ ಮುಂದೆ ಕೂತವರನ್ನೂ ಬಿಡಲಿಲ್ಲ. ಉಪ್ಪು, ಯೋಶಿ. ತುಪ್ಪ, ಯೋಶಿ. ಹಪ್ಪಳ ಮೆತ್ತಗಾಯಿತು. ಅವರ ಸಹೋದ್ಯೋಗಿ ತನಾಕಾ ಸಾನ್ ನನ್ನ ಕಿವಿಯಲ್ಲಿ ಕೇಳಿದರು: "ಸುಮಿಮಾಸೆನ್, ಕ್ಷಮಿಸಿ, ನಿಮ್ಮಲ್ಲಿ ಊಟವೂ ಸಿಗ್ನಲ್ ಬಿದ್ದ ಮೇಲೇ ಹೊರಡುತ್ತದೆಯೇ?"

ಇಷ್ಟೆಲ್ಲ ನೋಡುವವರು ಒಂದನ್ನು ನೋಡಿಕೊಳ್ಳಲಿಲ್ಲ. ಪ್ರಯೋಗಾಲಯದ ನೌಕರರಿಗೆ ವರ್ಷಕ್ಕೊಮ್ಮೆ ಮಾಡುವ ಆರೋಗ್ಯ ತಪಾಸಣೆ, ಹಾಳಾದ್ದು, ಜೀವಕೋಶಗಳಿಗೆ ಊಟ ಹಾಕುವ ದಿನವೇ ಬೀಳುತ್ತಿತ್ತು. "ಅವು ಹಸ್ಕೊಂಡಿರ್ತವೆ ಕಣೋ. ನಂದೇನು, ಮುಂದಿನ ವರ್ಷ." ಎರಡು ಸಲ ಹಾಗಾಯಿತು. ಮೂರನೆಯ ವರ್ಷ ತಪಾಸಣೆಯ ದಿನ ಬರುವ ಮೊದಲೇ, ಸ್ನಾನ ಮಾಡುವಾಗ ಎದೆಯ ಗಂಟು ಅವರ ಕೈಗೇ ಸಿಕ್ಕಿತು.

"ಈ ಔಷಧಿ ಎರಡಾಗೋಕೆ ಹೊರಟಿರೋರ್ನೆಲ್ಲ ಅರ್ಧ ದಾರೀಲಿ ಹಿಡಿದು ನಿಲ್ಸತ್ತೆ," ಎಂದು ಆಸ್ಪತ್ರೆಯ ಮಂಚದ ಮೇಲೂ ಪಾಠ ಮಾಡಿದರು. "ಕಳ್ಳ ಯಾರು, ಕೂದಲ ಬುಡ ಯಾವ್ದು ಅಂತ ಗೊತ್ತಾಗಲ್ಲ ಪಾಪ ಅದಕ್ಕೆ." ಟೋಪಿ ಸರಿಮಾಡಿಕೊಂಡು ನಕ್ಕರು. ನಾನೂ ನಕ್ಕೆ, ನಗದಿದ್ದರೆ ಬೈಯುತ್ತಿದ್ದರು.

ಮುಂದಿನ ಮಾರ್ಚಿನಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು ತಲೆ ಬಗ್ಗಿಸಿ ಹೇಳಿದರು: ಯಕೃತ್ತಿಗೂ ಹರಡಿದೆ, ಇನ್ನು ಕೊಡಲು ಬೇರೆ ಔಷಧಿ ಉಳಿದಿಲ್ಲ. ಮನೆಗೆ ಬಂದ ಅಕ್ಕ ಕೋಟನ್ನೂ ಬಿಚ್ಚದೆ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಅವಳ ಉಗುರು ಕತ್ತರಿಸತೊಡಗಿದರು.

"ಎಷ್ಟು ಬೇಗ ಬೆಳೆದಿದೆ ನೋಡೋ," ಎಂದರು ನನಗೆ.

ಮಗಳು ಕಟರ್ ಕಸಿದುಕೊಂಡಳು. "ಅಮ್ಮಾ, ನೌ ಮೈ ಟರ್ನ್. ನಿಂದು ಕೊಡು."

"ನಂದು ಬೆಳೆದೇ ಇಲ್ಲ ಪುಟ್ಟಿ."

ಗಡ್ಡೆಯನ್ನು ನಿಲ್ಲಿಸಲಾರದ ಔಷಧಿ ಉಗುರನ್ನು ನಿಲ್ಲಿಸಿತ್ತು.

"ದೈಜೋಬು," ಪರವಾಗಿಲ್ಲ, ಎಂದಳು ಮಗಳು. ಅಮ್ಮನ ಒಂದೊಂದೇ ಬೆರಳು ಹಿಡಿದು, ಏನೂ ಇಲ್ಲದ ಕಡೆ ಜೋಪಾನವಾಗಿ ಕಟರ್ ಒತ್ತಿದಳು. ಕಿರುಬೆರಳೂ ಮುಗಿಯಿತು. ಅಕ್ಕ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಇನ್ನೊಂದ್ಸಲ ಮಾಡು," ಎಂದರು.