ಬೀಗರ ಲುಂಗಿ, ಮೊಮ್ಮಗಳ ಕೌದಿ

ಲುಯಿಸ್: ಇದು ನನ್ನ ಶರ್ಟ್! ಸುಳ್ಳ ಹೇಳಬ್ಯಾಡ ಲೀನಾ. ಈ ನೀಲಿ ಚೌಕಡಿ ನನಗ ಗುರ್ತ ಸಿಗೂದಿಲ್ಲೇನು?

ಲೀನಾ: ಮೊದಲ ಕಾಲ ತಗೀರಿ. ಕೌದಿ ಮ್ಯಾಲೆ ನಿಂತು ಪಂಚಾಯ್ತಿ ಮಾಡಬ್ಯಾಡ್ರಿ.

ಹಳಿಯಾಳದ ಹತ್ತಿರ ಸಿದ್ದಿಯರ ಒಂದು ಹಳ್ಳಿ. ಲೀನಾ ಅಂಗಳದಲ್ಲಿ ಕುಳಿತು, ಹಳೆಯ ಬಟ್ಟೆಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದಾಳೆ. ಸೊಸೆ ನೀಲಂ ದಾಂಡೇಲಿಯ ತವರಿನಲ್ಲಿ ಹೆಣ್ಣು ಹೆತ್ತಿದ್ದಾಳೆ. ಭಾನುವಾರ ಕೂಸು ನೋಡಲು ಹೋಗುವಾಗ ಕೌದಿ ಒಯ್ಯಬೇಕು. ಗಂಡ ಲುಯಿಸ್‌ನ ಚಿಂತೆಯೇ ಬೇರೆ. ಈ ಮನೆಯಲ್ಲಿ ಅವನ ಬಟ್ಟೆ ಹಳೆಯದಾಗುವವರೆಗೂ ಕತ್ತರಿ ಕಾಯುವುದಿಲ್ಲ.

ಲುಯಿಸ್: ಅಟ್ಟದ ಮ್ಯಾಲೆ, ಭತ್ತದ ಚೀಲದ ಹಿಂದ ಮುಚ್ಚಿಟ್ಟಿದ್ನಿ. ಅದೂ ನಿನ್ನ ಕಣ್ಣಿಗೆ ಬಿತ್ತೇನು?

ಲೀನಾ: ಬಿತ್ತು. ಮುಟ್ಟಿಲ್ಲ. ಹೋಗಿ ನೋಡ್ರಿ.

ಲುಯಿಸ್ ದಡದಡ ಅಟ್ಟ ಹತ್ತಿದ. ಇಳಿದು ಬರುವಾಗ ಶರ್ಟನ್ನು ಎದೆಗವಚಿಕೊಂಡಿದ್ದ. ಸ್ವಲ್ಪ ಹೊತ್ತು ಖುಷಿಯಾಗಿಯೇ ಇದ್ದ. ಆಮೇಲೆ ಕೌದಿಯ ತಳದ ನೀಲಿ ಚೌಕಡಿಯನ್ನು ಮತ್ತೆ ಮಗುಚಿ ನೋಡಿದ.

ಲುಯಿಸ್: ಹಂಗಾದ್ರ ಇದು ಯಾರದು?

ಲೀನಾ: ತಳಕ್ಕ ನನ್ನ ಸೀರಿ ಅಗಲ ಸಾಲಲಿಲ್ಲ. ಇನ್ನೊಂದ ಬಟ್ಟಿ ಜೋಡಿಸಬೇಕಾತು. ಬೀಗರು ಲುಂಗಿ ಕಳಿಸಿದ್ರು.

ಲುಯಿಸ್: ಬೀಗರ ಲುಂಗಿ!

ಲೀನಾ: ಕೇಳಿದ ಕೂಡ್ಲೆ ಕೊಟ್ರು ಪಾಪ. ಅಟ್ಟ ಗಿಟ್ಟ ಹತ್ತಲಿಲ್ಲ.

ಲುಯಿಸ್: ಈಗೇನೋ ಕೂಸು ಅವರ ಮನ್ಯಾಗ, ಅವರ ತೊಡಿ ಮ್ಯಾಲೆ ಐತಿ. ನಮ್ಮ ಮನಿಗೆ ಬಂದ ಮ್ಯಾಲೂ ಅವರ ಲುಂಗಿ ಮ್ಯಾಲೇ ಮಲಗಬೇಕೇನು? ಬಿಚ್ಚ ಅದನ್ನ!

ಲೀನಾ: ಅಂಚಿನಿಂದ ಹೊಲಕೋತ ನಡುವಿನ ತನಕ ಬಂದೀನಿ. ಈಗ ಬಿಚ್ಚಬೇಕಂದ್ರ ಎಲ್ಲಾ ಬಿಚ್ಚಬೇಕು. ತಿರುಗಿ ಹೊಲಿಯೋರು ಯಾರು, ನೀವೇನು? ಹಿಡೀರಿ ಸೂಜಿ.

ಲುಯಿಸ್ ಸೂಜಿ ಹಿಡಿಯಲಿಲ್ಲ. ಮೆಟ್ಟಿಲ ಮೇಲೆ ಕುಕ್ಕರಿಸಿದ. ಕೂಸಿನ ಮುಖವನ್ನೇ ಅವನಿನ್ನೂ ನೋಡಿರಲಿಲ್ಲ.

ಲುಯಿಸ್: ಇದರಾಗ ನಂದೇನೈತಿ?

ಲೀನಾ: ಏನೂ ಇಲ್ಲ.

ಲುಯಿಸ್: ಕೇಳಿದ್ರ ನಾನೂ ಕೊಡ್ತಿದ್ನಿ.

ಲೀನಾ: ಕೇಳಿದ್ದಕ್ಕ ಅಲ್ಲೇನ್ರಿ ನಿಮ್ಮ ಶರ್ಟ್ ಅಟ್ಟ ಸೇರಿದ್ದು? ಇರ್ಲಿ, ಮೂಲಿಗೆ ಬಟ್ಟಿ ಮಡಚಿ ಹೂವ ಇಡೂದು ಬಾಕಿ ಐತಿ. ಹೂವಿಲ್ಲದ ಕೌದಿ ಬತ್ತಲ ಇದ್ದಂಗ. ಒಂದ ತೋಳ ಕೊಡ್ರಿ, ಸಾಕು.

ಲುಯಿಸ್: ಅವರಿಗೆ ತಳ, ನನಗ ಮೂಲಿ! ನಾನೇನು ಬಾಡಿಗಿಗೆ ಇದ್ದೇನೇನು ಈ ಕೌದ್ಯಾಗ? ನಡುವ ಖಾಲಿ ಬಿಟ್ಟೀಯಲ್ಲ, ಅಲ್ಲಿ ಹಾಕು. ಬೆನ್ನಿನ ಬಟ್ಟಿ ಪೂರ್ತಿ ಹಾಕು.

ಲೀನಾಳ ಕೈಯಿಂದ ಕತ್ತರಿ ಕಿತ್ತುಕೊಂಡವನೇ ಶರ್ಟಿನ ಬೆನ್ನನ್ನು ತಾನೇ ಪರಪರ ಕತ್ತರಿಸಿದ. ಆ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿದ್ದ ಲೀನಾ, ಬಾಯಿಗೆ ಸೆರಗು ಹಿಡಿದುಕೊಂಡಳು.

ಲೀನಾ: ನಡುವ ಅಂದ್ರ ಕೂಸಿನ ಕುಂಡಿ ಬರೂ ಜಾಗ ನೋಡ್ರಿ. ಉಚ್ಚಿ ಹೊಯ್ದ್ರ ಮೊದಲ ನಿಮ್ಮ ಮ್ಯಾಲೇ.

ಲುಯಿಸ್: ಹೊಯ್ಲಿ! ನನ್ನ ಮೊಮ್ಮಗಳು, ನನ್ನ ಮ್ಯಾಲೆ ಹೊಯ್ಲಿ! ತಗೋ, ಈ ತೋಳೂ ಇಡು, ಎರಡೆರಡು ಪದರ ಹಾಕು. ಬೀಗರ ಲುಂಗಿ ತನಕ ಒಂದ ಹನಿನೂ ಇಳೀಬಾರದು!